ಸ್ಪೆಕ್ಟ್ರಮ್ ಕೂಡಿ ಬರ್ತಿಲ್ವಾ? ಮೊದಲು ಬಾಟಲಿ ನೋಡಿ

ಎಂ.ಎಸ್ಸಿ. ಹುಡುಗರು ನನ್ನ ಟೇಬಲ್ಲಿಗೆ ಬರುವುದು ಹೆಚ್ಚಾಗಿ ಒಂದೇ ಮಾತು ಹಿಡಿದುಕೊಂಡು: "ಮೇಡಂ, ಎಲ್ಲಾ ಮಾಡಿ ನೋಡೇನ್ರಿ, ಒಂದೂ ಕೂಡವಲ್ದು." ಕೈಯಲ್ಲಿ ನಾಲ್ಕು ಹಾಳೆ, ಗೊತ್ತಿಲ್ಲದ ಸಂಯುಕ್ತದ ರಚನೆ ಕಂಡುಹಿಡಿಯಲು ಯಂತ್ರಗಳಲ್ಲಿ ತೆಗೆಸಿದ ಸ್ಪೆಕ್ಟ್ರಮ್‌ಗಳು. ಐಆರ್, ಪ್ರೋಟಾನ್ ಎನ್‌ಎಂಆರ್, ಕಾರ್ಬನ್ ಎನ್‌ಎಂಆರ್, ಮಾಸ್. ಅಂಚಿನ ತುಂಬಾ ಬೆಂಜೀನ್ ಉಂಗುರ ಬರೆದು ಅಳಿಸಿದ ಗುರುತು. ಮೊದಲು ವಿಜಯಪುರದಲ್ಲಿ, ಈಗ ಬೆಳಗಾವಿಯಲ್ಲಿ ಈ ಹಾಳೆಗಳನ್ನು ನೋಡುತ್ತಾ ಬಂದಿದ್ದೇನೆ. ಹುಡುಗರಿಗೆ ಪೀಕ್ (ಹಾಳೆಯ ಗೆರೆಯಲ್ಲಿ ಏಳುವ ಮೊನೆ) ಓದಲು ಬರದೆ ತಪ್ಪಾಗುವುದು ಕಡಿಮೆ. ಸ್ಯಾಂಪಲ್‌ನದಲ್ಲದ ಪೀಕನ್ನು ಓದಿ ತಪ್ಪುವುದೇ ಜಾಸ್ತಿ. ಹಾಗಾಗಿ ಇಲ್ಲಿ ಬರೆದದ್ದು ಕಣ್ಣಿಗೆ ಬೀಳುವ ತೊಂದರೆಯಿಂದ ಹಿಂದಕ್ಕೆ ಹೋಗುವ ದಾರಿ. ದುಡ್ಡು ಖರ್ಚಾಗದ ಕೆಲಸ ಮೊದಲು, ಖರ್ಚಿನದು ಕೊನೆಗೆ.

ಹಾಳೆ ಓದುವ ಮೊದಲು ಐದು ನಿಮಿಷ

ಬಾಟಲಿ ಕೈಗೆ ತಗೊಳ್ಳಿ. ಒಳಗಿರುವುದು ಪುಡಿಯಾ, ಎಣ್ಣೆಯಂಥದ್ದಾ, ನೀರಿನಂಥದ್ದಾ? ಬಣ್ಣ ಏನು? ಪುಸ್ತಕದ ಮೂಲೆಯಲ್ಲಿ ಬರೆದಿಡಿ. ಇದಕ್ಕೆ ಯಾವ ಯಂತ್ರವೂ ಬೇಡ. ಆದರೂ ಇದನ್ನು ಬಿಟ್ಟವರೇ ಮುಂದೆ ಎರಡು ದಿನ ಕಳೆಯುತ್ತಾರೆ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಆಮೇಲೆ ನಾಲ್ಕೂ ಹಾಳೆಯ ಮೇಲಿನ ಸ್ಯಾಂಪಲ್ ಕೋಡ್ ಒಂದೇನಾ ನೋಡಿ. ಎನ್‌ಎಂಆರ್ ಹೊರಗಡೆ ಕಳಿಸಿ ತೆಗೆಸಿದ್ದರೆ ಇದು ಇನ್ನೂ ಮುಖ್ಯ. 3ಎ ಮತ್ತು 3ಬಿ ಅದಲುಬದಲಾಗಿ ಬಂದದ್ದನ್ನು ನಾನೇ ಕಂಡಿದ್ದೇನೆ. ಯಾವ ಸಾಲ್ವೆಂಟ್‌ನಲ್ಲಿ (ಕರಗಿಸುವ ದ್ರವ) ತೆಗೆದಿದ್ದಾರೆ, ಐಆರ್ ಪೆಲೆಟ್ (ಒತ್ತಿದ ಬಿಲ್ಲೆ) ಮಾಡಿ ತೆಗೆದದ್ದಾ ಅಥವಾ ನೇರವಾಗಿ ಸ್ಯಾಂಪಲ್ ಇಟ್ಟು ತೆಗೆದದ್ದಾ, ಇದೂ ಗೊತ್ತಿರಬೇಕು.

ಮಾಲಿಕ್ಯುಲರ್ ಫಾರ್ಮುಲಾ ಸಿಕ್ಕಿದ್ದರೆ ಒಂದು ಲೆಕ್ಕ ಮಾಡಿ. ಕಾರ್ಬನ್ ಸಂಖ್ಯೆಯ ಎರಡರಷ್ಟಕ್ಕೆ 2 ಕೂಡಿಸಿ. ನೈಟ್ರೋಜನ್ ಇದ್ದರೆ ಅದನ್ನೂ ಕೂಡಿಸಿ. ಅದರಿಂದ ಹೈಡ್ರೋಜನ್ ಮತ್ತು ಹ್ಯಾಲೋಜನ್ ಕಳೆದು ಅರ್ಧ ಮಾಡಿ. ಆಕ್ಸಿಜನ್ ಲೆಕ್ಕಕ್ಕಿಲ್ಲ. ಬಂದ ಸಂಖ್ಯೆ ಎಂದರೆ ಉಂಗುರ ಮತ್ತು ಡಬಲ್ ಬಾಂಡ್ ಸೇರಿ ಎಷ್ಟು ಅಂತ. 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬೆಂಜೀನ್ ಉಂಗುರ ಇರಬಹುದು. ಅರ್ಧ ಉಳಿದರೆ ಫಾರ್ಮುಲಾನೇ ತಪ್ಪು, ಮುಂದೆ ಹೋಗಬೇಡಿ.

ಒಂದು ಎಚ್ಚರಿಕೆ. ಗೊತ್ತಿಲ್ಲದ ಬಾಟಲಿಯನ್ನು ಮೂಗಿಗೆ ಹಿಡಿಯಬೇಡಿ. ಹಳೇ ಪುಸ್ತಕಗಳಲ್ಲಿ "ವಾಸನೆ" ಅಂತ ಒಂದು ಕಾಲಮ್ ಇರುತ್ತದೆ, ಅದನ್ನು ಖಾಲಿ ಬಿಟ್ಟರೆ ಯಾರೂ ಮಾರ್ಕ್ಸ್ ಕಳೆಯುವುದಿಲ್ಲ. ಲೇಬಲ್ ಹೋದ ಹಳೇ ಈಥರ್ ಬಾಟಲಿಯ ಮುಚ್ಚಳದ ಸುತ್ತ ಹರಳು ಕಂಡರೆ ಮುಟ್ಟಲೇಬೇಡಿ, ತಿರುವಲೇಬೇಡಿ. ಅದು ಪೆರಾಕ್ಸೈಡ್ ಆಗಿರಬಹುದು. ತಿಕ್ಕಾಟಕ್ಕೇ ಸಿಡಿಯುತ್ತದೆ.

"ಐಆರ್‌ನಲ್ಲಿ 3400ರ ಹತ್ತಿರ ದೊಡ್ಡ ಗುಡ್ಡ ಇದೆ, ಆದರೆ ಓಎಚ್ ಇರೋ ಹಾಗಿಲ್ಲ"

ಜುಲೈ ತಿಂಗಳಲ್ಲಿ ಬೆಳಗಾವಿಯಲ್ಲಿ ತೆಗೆದ ಐಆರ್ ಆಗಿದ್ದರೆ ಮೊದಲು ಮಳೆಯನ್ನು ಬೈಯಿರಿ. (ಐಆರ್‌ನ ಸಂಖ್ಯೆಗಳು ಪೀಕ್ ಇರುವ ಜಾಗ, ಒಂದು ಸೆಂ.ಮೀ.ಗೆ ಎಷ್ಟು ಅಲೆ ಅನ್ನುವ ಅಳತೆ. ಓಎಚ್ ಅಂದರೆ ಆಕ್ಸಿಜನ್–ಹೈಡ್ರೋಜನ್ ಜೋಡಿ.)

ಪೆಲೆಟ್ ಮಾಡುವ ಪೊಟ್ಯಾಸಿಯಂ ಬ್ರೋಮೈಡ್ (ಕೆಬಿಆರ್) ಗಾಳಿಯ ತೇವ ಹೀರುತ್ತದೆ. ವಿಜಯಪುರದಲ್ಲಿ ಏಪ್ರಿಲ್ ಬಿಸಿಲಿಗೆ ನಾವು ಪೆಲೆಟ್ ಒತ್ತಿದರೆ ಗಾಜಿನ ಬಿಲ್ಲೆ ಹಾಗೆ ಬರುತ್ತಿತ್ತು. ಕೆಳಗೆ ಪೇಪರ್ ಇಟ್ಟು ಅಕ್ಷರ ಓದಬಹುದಿತ್ತು. ಅದೇ ಕೈ, ಅದೇ ಡೈ, ಬೆಳಗಾವಿಗೆ ಬಂದ ಮೊದಲ ಮಳೆಗಾಲದಲ್ಲಿ ಬಿಲ್ಲೆ ಹಾಲಿನ ಕೆನೆ ಬಣ್ಣಕ್ಕೆ ಬಂತು. ಇಲ್ಲಿ ಹಗ್ಗದ ಮೇಲಿನ ಬಟ್ಟೆ ನಾಲ್ಕು ದಿನ ಒಣಗುವುದಿಲ್ಲ, ಕೆಬಿಆರ್ ಹೇಗೆ ಒಣಗಿರುತ್ತದೆ?

ತೇವದ ಗುರುತು ಸುಲಭ. ನೀರು ಒಂಟಿಯಾಗಿ ಬರುವುದಿಲ್ಲ. 3400ರ ಅಗಲವಾದ ಗುಡ್ಡದ ಜೊತೆ 1640ರ ಹತ್ತಿರ ಒಂದು ಸಣ್ಣ ಪೀಕ್ ಇರುತ್ತದೆ. ನಿಜವಾದ ಆಲ್ಕೋಹಾಲ್ ಆಗಿದ್ದರೆ 1050ರಿಂದ 1200ರ ನಡುವೆ ಗಟ್ಟಿಯಾದ ಸಿ–ಓ ಪೀಕ್ ಇರಲೇಬೇಕು. ಅದಿಲ್ಲದೆ ಓಎಚ್ ಅನ್ನಬೇಡಿ. ಕಾರ್ಬಾಕ್ಸಿಲಿಕ್ ಆಸಿಡ್ಡಿನ ಓಎಚ್ ಬೇರೆ ಥರ: 3300ರಿಂದ 2500ರವರೆಗೆ ಸಡಿಲ ಹಗ್ಗದ ಹಾಗೆ ಜೋತು ಬಿದ್ದಿರುತ್ತದೆ, ಸಿ–ಎಚ್ ಪೀಕ್‌ಗಳು ಅದರ ಮೇಲೆ ಕೂತಿರುತ್ತವೆ.

ಏನು ಮಾಡಬೇಕು? ಕೆಬಿಆರ್ ಪುಡಿಯನ್ನು 110 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಇಟ್ಟು ಡೆಸಿಕೇಟರ್‌ನಲ್ಲಿ ತಣಿಸಿ. ಸ್ಯಾಂಪಲ್ 1–2 ಮಿಲಿಗ್ರಾಂ, ಕೆಬಿಆರ್ ಸುಮಾರು 200 ಮಿಲಿಗ್ರಾಂ. ಅಗೇಟ್ ಖಲಬತ್ತಿನಲ್ಲಿ ಐಆರ್ ಲ್ಯಾಂಪಿನ ಕೆಳಗೆ ಅರೆಯಿರಿ. ಮಾತಾಡುತ್ತಾ ಅರೆಯಬೇಡಿ, ಉಸಿರೂ ತೇವವೇ. ಮೊದಲು ಬರೀ ಕೆಬಿಆರ್ ಬಿಲ್ಲೆಯ ಐಆರ್ ತೆಗೆದು ಪಕ್ಕದಲ್ಲಿಡಿ. ಅದರಲ್ಲೂ ಗುಡ್ಡ ಇದ್ದರೆ ಗುಡ್ಡ ನಿಮ್ಮ ಸ್ಯಾಂಪಲ್‌ದಲ್ಲ. ಪುಡಿ ದಪ್ಪ ಉಳಿದರೆ ಬೇಸ್‌ಲೈನ್ ಎಡಗಡೆ ಜಾರುತ್ತದೆ, ಅದಕ್ಕೂ ಮದ್ದು ಇನ್ನಷ್ಟು ಅರೆಯುವುದೇ.

2350ರ ಹತ್ತಿರ ಜೋಡಿ ಪೀಕ್ ಕಂಡು "ನೈಟ್ರೈಲ್ (ಕಾರ್ಬನ್–ನೈಟ್ರೋಜನ್ ಟ್ರಿಪಲ್ ಬಾಂಡ್) ಸಿಕ್ತು" ಅಂತ ಕುಣಿಯಬೇಡಿ. ಅದು ಕೋಣೆಯ ಕಾರ್ಬನ್ ಡೈಆಕ್ಸೈಡ್. ನೈಟ್ರೈಲ್ 2250ರ ಸುತ್ತ, ಚೂಪಾಗಿ ಬರುತ್ತದೆ. ಕೆಬಿಆರ್ ಬದಲು ನ್ಯೂಜಾಲ್ ಎಣ್ಣೆಯಲ್ಲಿ ಅರೆದು ತೆಗೆದಿದ್ದರೆ 2900ರ ಸುತ್ತಿನ ಪೀಕ್, 1460 ಮತ್ತು 1375 ಎಣ್ಣೆಯವು, ಬಿಟ್ಟುಬಿಡಿ.

"ಎನ್‌ಎಂಆರ್‌ನಲ್ಲಿ ಬೇಡದ ಪೀಕ್‌ಗಳು ಇವೆ"

ಒಬ್ಬ ಹುಡುಗ ಬಹಳ ಖುಷಿಯಿಂದ ಬಂದ. "ಈಥೈಲ್ ಎಸ್ಟರ್ ಐತ್ರಿ ಮೇಡಂ. 4.12ಕ್ಕೆ ಕ್ವಾರ್ಟೆಟ್, 1.26ಕ್ಕೆ ಟ್ರಿಪ್ಲೆಟ್." (ಎನ್‌ಎಂಆರ್‌ನ ಸಂಖ್ಯೆಗಳು ಪಿಪಿಎಂ ಅಳತೆಯಲ್ಲಿ ಪೀಕ್‌ನ ಜಾಗ. ಕ್ವಾರ್ಟೆಟ್ ಅಂದರೆ ನಾಲ್ಕಾಗಿ ಸೀಳಿದ ಪೀಕ್, ಟ್ರಿಪ್ಲೆಟ್ ಮೂರಾಗಿ, ಸಿಂಗ್ಲೆಟ್ ಒಂಟಿ.) ಹೌದು, ಎಸ್ಟರ್ರೇ. 2.05ರ ಸಿಂಗ್ಲೆಟ್ಟೂ ಸೇರಿಸಿದರೆ ಅದು ಈಥೈಲ್ ಅಸಿಟೇಟ್. ಅವನೇ ಹಿಂದಿನ ದಿನ ಸ್ಯಾಂಪಲ್ ಶುದ್ಧ ಮಾಡುವ ಕಾಲಮ್‌ಗೆ ಸುರಿದ ಸಾಲ್ವೆಂಟ್. ಸ್ಯಾಂಪಲ್ ಪೂರ್ತಿ ಒಣಗಿರಲಿಲ್ಲ ಅಷ್ಟೇ.

ಡ್ಯೂಟೀರಿಯೇಟೆಡ್ ಕ್ಲೋರೋಫಾರ್ಮ್‌ನಲ್ಲಿ ತೆಗೆದ ಹಾಳೆಯಾದರೆ ಈ ನೆಂಟರನ್ನು ಬಾಯಿಪಾಠ ಮಾಡಿಕೊಳ್ಳಿ. 7.26 ಸಾಲ್ವೆಂಟ್‌ನದೇ. 1.56 ನೀರು. 2.17 ಅಸಿಟೋನ್, ಅಂದರೆ ಟ್ಯೂಬ್ ತೊಳೆದು ಒಣಗಿಸದೆ ಬಳಸಿದ್ದೀರಿ. 5.30 ಡೈಕ್ಲೋರೋಮೀಥೇನ್. 1.26 ಮತ್ತು 0.88ರ ಹತ್ತಿರ ಗುಂಪಾಗಿ ಬಂದರೆ ಹೆಕ್ಸೇನ್ ಅಥವಾ ಗ್ರೀಸ್. 0.07ಕ್ಕೆ ಒಂಟಿ ಪೀಕ್ ಸಿಲಿಕೋನ್ ಗ್ರೀಸ್, ಜಾಯಿಂಟಿಗೆ ಧಾರಾಳವಾಗಿ ಹಚ್ಚಿದ್ದು. ಡಿಎಂಎಸ್‌ಓ ಆದರೆ 2.50 ಸಾಲ್ವೆಂಟ್, 3.33 ನೀರು. ನೀರು ಸಾಲ್ವೆಂಟ್ ಬದಲಾದಂತೆ ಜಾಗ ಬದಲಿಸುತ್ತದೆ. ಅದಕ್ಕೇ ಮೊದಲೇ ಹೇಳಿದ್ದು, ಸಾಲ್ವೆಂಟ್ ಯಾವುದು ಅಂತ ಬರೆದಿಡಿ ಅಂತ.

ಇದನ್ನು ಹಿಡಿಯುವ ಇನ್ನೊಂದು ದಾರಿ ಇಂಟಿಗ್ರೇಶನ್, ಅಂದರೆ ಪ್ರತಿ ಪೀಕ್‌ನ ಕೆಳಗಿನ ವಿಸ್ತೀರ್ಣದ ಅಳತೆ. ಸ್ಯಾಂಪಲ್‌ನ ಪೀಕ್‌ಗಳು ಒಂದಕ್ಕೊಂದು ಪೂರ್ಣ ಸಂಖ್ಯೆಯ ಲೆಕ್ಕದಲ್ಲಿ ಇರುತ್ತವೆ: 3, 2, 1. ನಡುವೆ 0.4 ಅಂತ ಬಂದರೆ ಅದು ಬೇರೆಯವರ ಮನೆಯದು. ಮತ್ತೆ ರೋಟಾವ್ಯಾಪರ್‌ಗೆ (ಸಾಲ್ವೆಂಟ್ ಹಾರಿಸುವ ಯಂತ್ರ) ಹಾಕಿ, ಹೈ ವ್ಯಾಕ್ಯೂಮ್‌ಗೆ ಒಂದು ಗಂಟೆ ಇಟ್ಟು ಇನ್ನೊಮ್ಮೆ ತೆಗೆಸಿ. ಪೀಕ್ ಕಡಿಮೆಯಾದರೆ ಸಾಲ್ವೆಂಟ್, ಹಾಗೇ ಇದ್ದರೆ ಕಲಬೆರಕೆ. ಕಲಬೆರಕೆ ಅಂದರೆ ಟಿಎಲ್‌ಸಿ (ಪ್ಲೇಟಿನ ಮೇಲೆ ಸ್ಯಾಂಪಲ್ ಚುಕ್ಕೆಯಾಗಿ ಬೇರ್ಪಡುವ ಪರೀಕ್ಷೆ) ಹಾಕಿ ನೋಡಿ. ಎರಡು ಚುಕ್ಕೆ ಬಂದ ಸ್ಯಾಂಪಲ್‌ಗೆ ಸ್ಪೆಕ್ಟ್ರಮ್ ಓದುವುದು ಸುಮ್ನೆ ದಂಡ.

"ಓಎಚ್ ಇರಬೇಕು, ಎನ್‌ಎಂಆರ್‌ನಲ್ಲಿ ಕಾಣ್ತಿಲ್ಲ"

ಅಗಲವಾಗಿ ಹರಡಿ ಬೇಸ್‌ಲೈನ್‌ನಲ್ಲಿ ಕರಗಿರಬಹುದು, ಇಲ್ಲಾ ಬೇರೆ ಪೀಕ್‌ನ ಕೆಳಗೆ ಕೂತಿರಬಹುದು. ಸ್ಕ್ಯಾನ್ 10 ಪಿಪಿಎಂಗೇ ನಿಂತಿದ್ದರೆ ಆಸಿಡ್ ಪ್ರೋಟಾನ್ ಹಾಳೆಯ ಆಚೆ ಇದೆ, 14ರವರೆಗೆ ತೆಗೆಸಿ. ಅನುಮಾನದ ಪೀಕ್ ಇದ್ದರೆ ಅದೇ ಟ್ಯೂಬಿಗೆ ಒಂದೆರಡು ಹನಿ ಭಾರಜಲ ಹಾಕಿ ಅಲ್ಲಾಡಿಸಿ. ಮಾಯವಾದರೆ ಓಎಚ್ ಅಥವಾ ಎನ್‌ಎಚ್.

"ಕಾರ್ಬನ್ ಎಣಿಕೆ ಕಡಿಮೆ ಬರ್ತಿದೆ"

ಮೊದಲು 77ರ ಮೂರು ಸಮ ಎತ್ತರದ ಪೀಕ್ ಎಣಿಸಿದ್ದೀರಾ ನೋಡಿ. ಅದು ಸಾಲ್ವೆಂಟ್. ಅದನ್ನು ತೆಗೆದ ಮೇಲೂ ಕಡಿಮೆ ಬಂದರೆ ಗಾಬರಿ ಬೇಡ. ಟಾಲುವಿನ್‌ನಲ್ಲಿ ಕಾರ್ಬನ್ 7, ಪೀಕ್ 5. ಎರಡು ಬದಿ ಒಂದೇ ಥರ ಇದ್ದರೆ ಎರಡು ಕಾರ್ಬನ್ ಒಂದೇ ಕಡೆ ಕೂಡುತ್ತವೆ. ಅಂದರೆ ಕಡಿಮೆ ಎಣಿಕೆ ತಪ್ಪಲ್ಲ, ಸುಳಿವು.

ಇನ್ನೊಂದು ಕಾರಣ, ಹೈಡ್ರೋಜನ್ ಇಲ್ಲದ ಕಾರ್ಬನ್. ಅದರ ಪೀಕ್ ಗಿಡ್ಡ. ಸ್ಯಾಂಪಲ್ ತೆಳುವಾಗಿದ್ದರೆ, ಸ್ಕ್ಯಾನ್ ಕಡಿಮೆ ಇದ್ದರೆ ಗದ್ದಲದಲ್ಲಿ ಮುಳುಗುತ್ತದೆ. ಕಾರ್ಬನಿಲ್ (ಆಕ್ಸಿಜನ್‌ಗೆ ಡಬಲ್ ಬಾಂಡ್ ಇರುವ ಕಾರ್ಬನ್) ಹೀಗೆ ತಪ್ಪಿಸಿಕೊಳ್ಳುವುದು ಬಹಳ. ಐಆರ್‌ನಲ್ಲಿ ಕಾರ್ಬನಿಲ್ ಗಟ್ಟಿಯಾಗಿ ಕಂಡು ಕಾರ್ಬನ್ ಎನ್‌ಎಂಆರ್‌ನಲ್ಲಿ ಇಲ್ಲವಾದರೆ ಐಆರ್ ಅನ್ನೇ ನಂಬಿ.

"ಕಾರ್ಬನಿಲ್ ಇರಬಾರದ ಜಾಗದಲ್ಲಿ ಇದೆ"

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಾನು ಮೊದಲು ಹೇಳಿದ ಬಾಟಲಿಯ ಕಥೆ ಇಲ್ಲೇ ಇರುವುದು.

ಸಾಮಾನ್ಯ ಕೀಟೋನ್ 1715ಕ್ಕೆ ಬರುತ್ತದೆ. ಎಸ್ಟರ್ 1735ರಿಂದ 1750. ಅಮೈಡ್ 1650ರಿಂದ 1690. ಆಸಿಡ್ ಕ್ಲೋರೈಡ್ 1800ರ ಹತ್ತಿರ. ಪಕ್ಕದಲ್ಲಿ ಡಬಲ್ ಬಾಂಡ್ ಅಥವಾ ಬೆಂಜೀನ್ ಉಂಗುರ ಇದ್ದರೆ ಸುಮಾರು 20–30 ಕೆಳಗಿಳಿಯುತ್ತದೆ. ಹೈಡ್ರೋಜನ್ ಬಾಂಡ್ ಇದ್ದರೆ ಇನ್ನಷ್ಟು ಇಳಿಯುತ್ತದೆ. ಉಂಗುರ ಚಿಕ್ಕದಾದಷ್ಟೂ ಮೇಲೇರುತ್ತದೆ: ಸೈಕ್ಲೋಹೆಕ್ಸನೋನ್ 1715, ಸೈಕ್ಲೋಪೆಂಟನೋನ್ 1745.

ಒಂದು ವರ್ಷ ಒಬ್ಬ ಹುಡುಗಿಗೆ ಸಿಕ್ಕ ಸ್ಯಾಂಪಲ್‌ನ ಫಾರ್ಮುಲಾ ಸಿ8ಎಚ್8ಓ3, ತೂಕ 152. ಮೇಲಿನ ಲೆಕ್ಕ ಹಾಕಿದರೆ 5. ಬೆಂಜೀನ್ ಉಂಗುರಕ್ಕೆ 4, ಕಾರ್ಬನಿಲ್‌ಗೆ 1. ಐಆರ್‌ನಲ್ಲಿ 3200ರ ಹತ್ತಿರ ಅಗಲವಾದ ಪೀಕ್, 1680ರ ಸುತ್ತ ಕಾರ್ಬನಿಲ್. ಪ್ರೋಟಾನ್‌ನಲ್ಲಿ 10.7ಕ್ಕೆ ಒಂದು ಪ್ರೋಟಾನ್, 7.8ರಿಂದ 6.9ರ ನಡುವೆ ನಾಲ್ಕು ಬೇರೆ ಬೇರೆ ಪ್ರೋಟಾನ್, 3.94ಕ್ಕೆ ಮೂರು ಪ್ರೋಟಾನ್‌ನ ಸಿಂಗ್ಲೆಟ್.

ಅವಳು ಬರೆದದ್ದು ಮೆಥಾಕ್ಸಿ ಬೆಂಜೋಯಿಕ್ ಆಸಿಡ್. ತಪ್ಪು ಅಂತ ಸುಲಭವಾಗಿ ಹೇಳಲಾಗದು. ಓಎಚ್ ಇದೆ, ಉಂಗುರಕ್ಕೆ ಹತ್ತಿದ ಆಸಿಡ್ಡಿನ ಕಾರ್ಬನಿಲ್ 1680ಕ್ಕೇ ಬರುತ್ತದೆ, ಮೆಥಾಕ್ಸಿ ಇದೆ, ಫಾರ್ಮುಲಾ ಸರಿಯಾಗಿ ಕೂಡುತ್ತದೆ. "ಹಂಗಾದ್ರ ಯಾಕ್ರಿ ತಪ್ಪು?" ಅಂತ ಕೇಳಿದಳು.

"ಬಾಟಲಿಯೊಳಗೆ ಏನಿದೆ?" ಅಂದೆ. "ಎಣ್ಣಿ ಹಂಗ ಐತ್ರಿ." ಮೆಥಾಕ್ಸಿ ಬೆಂಜೋಯಿಕ್ ಆಸಿಡ್‌ಗಳು ಮೂರೂ ಗಟ್ಟಿ ಪುಡಿ. ಪ್ಯಾರಾ (ಉಂಗುರದಲ್ಲಿ ಎರಡು ಗುಂಪು ಎದುರುಬದುರು) ಇರುವುದು ಕರಗಲು 180 ಡಿಗ್ರಿ ದಾಟಬೇಕು. ಕೋಣೆಯಲ್ಲಿ ಎಣ್ಣೆ ಹಾಗೆ ಹರಿಯುವುದು ಅದಾಗಿರಲು ಸಾಧ್ಯವೇ ಇಲ್ಲ.

ಆಮೇಲೆ ಕಾರ್ಬನ್ ಹಾಳೆ ತೆರೆದೆವು. ಮೆಥಾಕ್ಸಿ ಕಾರ್ಬನ್ 52ಕ್ಕೆ ಇತ್ತು. ಉಂಗುರಕ್ಕೆ ನೇರ ಹತ್ತಿದ ಮೆಥಾಕ್ಸಿ 55–56ಕ್ಕೆ ಬರುತ್ತದೆ. 52 ಅಂದರೆ ಎಸ್ಟರ್‌ನ ಮೀಥೈಲ್. ಸೋಡಿಯಂ ಬೈಕಾರ್ಬನೇಟ್ ನೀರಿಗೆ ಒಂದು ಹನಿ ಹಾಕಿದರೆ ಗುಳ್ಳೆ ಬರಲಿಲ್ಲ, ಅಂದರೆ ಆಸಿಡ್ ಅಲ್ಲ. ಮಾಸ್‌ನಲ್ಲಿ 152ರ ನಂತರ ದೊಡ್ಡ ಪೀಕ್ 120. 32 ಕಳೆದುಕೊಂಡಿದೆ, ಅದು ಮೆಥನಾಲ್. ಓಎಚ್ ಮತ್ತು ಎಸ್ಟರ್ ಪಕ್ಕಪಕ್ಕದಲ್ಲೇ ಇದ್ದಾಗ ಹೀಗೆ ಒಟ್ಟಿಗೆ ಹಾರಿಹೋಗುತ್ತದೆ. ಆಲ್ಕೋಹಾಲ್‌ನಲ್ಲಿ ಕರಗಿಸಿ ಎರಡು ಹನಿ ಫೆರಿಕ್ ಕ್ಲೋರೈಡ್ ಬಿಟ್ಟಾಗ ಕಡುನೇರಳೆ ಬಣ್ಣ ಬಂತು. ಫೀನಾಲ್.

ಮೀಥೈಲ್ ಸ್ಯಾಲಿಸಿಲೇಟ್. ಓಎಚ್ ಪಕ್ಕದ ಕಾರ್ಬನಿಲ್ ಅನ್ನು ಒಳಗಿಂದಲೇ ಹಿಡಿದುಕೊಂಡಿದೆ. ಅದಕ್ಕೇ ಎಸ್ಟರ್ ಆದರೂ 1680ಕ್ಕೆ ಇಳಿದಿದೆ, ಅದಕ್ಕೇ ಓಎಚ್ 10.7ಕ್ಕೆ ಏರಿದೆ. ಒಂದೇ ಹಿಡಿತ, ಎರಡು ಹಾಳೆಯಲ್ಲಿ ಎರಡು ಸುಳ್ಳು.

ಮಜಾ ಏನಪ್ಪಾ ಅಂದರೆ, ನಾವು ಇಷ್ಟೆಲ್ಲ ಮಾಡಿ ಮುಗಿಸುವಾಗ ಗಾಜು ತೊಳೆಯುತ್ತಿದ್ದ ಅಟೆಂಡರ್ ಕಾಕಾ ಆ ಕಡೆಯಿಂದ ಅಂದರು: "ಮೊಣಕಾಲಿಗೆ ಹಚ್ಚೋ ಮುಲಾಮಿನ ವಾಸನಿ ಬರಾಕತ್ತೈತಲ್ರಿ, ಯಾರ ಕಾಲು ನೋವು?" ನೋವಿನ ಮುಲಾಮಿನಲ್ಲಿ ಇರುವುದು ಅದೇ. ಕಾಕಾ ಪಾಸು, ನಾವು ಫೇಲು. ಆದರೂ ಮೂಗನ್ನು ಪುರಾವೆ ಅಂತ ರಿಪೋರ್ಟಿನಲ್ಲಿ ಬರೆಯಲು ಬರುವುದಿಲ್ಲ. ಬೇಕಿದ್ದರೆ ಕ್ಷಾರದಲ್ಲಿ ಕುದಿಸಿ, ತಣಿಸಿ ಆಸಿಡ್ ಹಾಕಿ. ಬಿಳಿ ಸ್ಯಾಲಿಸಿಲಿಕ್ ಆಸಿಡ್ ಬೀಳುತ್ತದೆ, ಒಣಗಿಸಿದರೆ 158 ಡಿಗ್ರಿ ಸುತ್ತ ಕರಗುತ್ತದೆ. ಅಂದಹಾಗೆ ಈ ಎಣ್ಣೆ ಒಂದು ಟೀ ಚಮಚದಷ್ಟು ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳ ಜೀವಕ್ಕೆ ಅಪಾಯ. ಸ್ಯಾಂಪಲ್ ಬಾಟಲಿ ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ಒಯ್ಯಬೇಡಿ.

ಸಿ8ಎಚ್8ಓ3 ಹೆಸರಿನಲ್ಲಿ ಇನ್ನೂ ಎಷ್ಟೋ ಮಂದಿ ಇದ್ದಾರೆ. ವೆನಿಲಿನ್ ಇದೆ, ಆದರೆ ಅದಕ್ಕೆ 9.8ಕ್ಕೆ ಆಲ್ಡಿಹೈಡ್ ಪ್ರೋಟಾನ್ ಬೇಕು. ಮ್ಯಾಂಡೆಲಿಕ್ ಆಸಿಡ್ ಇದೆ, ಅದಕ್ಕೆ ಮೀಥೈಲ್ ಇಲ್ಲ. ಪ್ಯಾರಾ ಹೈಡ್ರಾಕ್ಸಿ ಎಸ್ಟರ್ ಇದೆ, ಅದರಲ್ಲಿ ಉಂಗುರದ ಪ್ರೋಟಾನ್ ಎರಡೆರಡು ಜೋಡಿಯಾಗಿ ಬರುತ್ತವೆ. ನಿಮ್ಮ ಉತ್ತರ ಬರೆದ ಮೇಲೆ ಹೀಗೆ ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ಹೊರಗೆ ಹಾಕಿ. "ಕೂಡುತ್ತೆ" ಅನ್ನುವುದು ಸಾಲದು, ಬೇರೆಯವು ಕೂಡಬಾರದು.

"ಮಾಸ್‌ನಲ್ಲಿ ತೂಕ ಹೊಂದ್ತಿಲ್ಲ"

ಯಂತ್ರ ಯಾವುದು ಕೇಳಿ. ಎಲೆಕ್ಟ್ರೋಸ್ಪ್ರೇ (ಸ್ಯಾಂಪಲ್‌ಗೆ ಪ್ರೋಟಾನ್ ಅಂಟಿಸಿ ತೂಗುವ ಬಗೆ) ಆಗಿದ್ದರೆ ಕಾಣುವುದು ತೂಕವಲ್ಲ, ತೂಕಕ್ಕೆ 1 ಕೂಡಿದ್ದು. ಸೋಡಿಯಂ ಹಿಡಿದರೆ 23 ಕೂಡಿದ್ದು. 22 ಅಂತರದಲ್ಲಿ ಎರಡು ಪೀಕ್ ಇದ್ದರೆ ಇದೇ ಕಥೆ. ಇಲ್ಲಿ ಒಂದು ಹೊಂಡ ಇದೆ. ನೈಟ್ರೋಜನ್ ಬೆಸ ಸಂಖ್ಯೆಯಲ್ಲಿದ್ದರೆ ತೂಕ ಬೆಸ ಅಂತ ನಿಯಮ. ಎಲೆಕ್ಟ್ರೋಸ್ಪ್ರೇಯ 153 ನೋಡಿ "ಬೆಸ ಐತ್ರಿ, ನೈಟ್ರೋಜನ್ ಐತಿ" ಅಂದರೆ ಹೊಂಡಕ್ಕೆ ಬಿದ್ದಿರಿ. 1 ಕಳೆದು ಆಮೇಲೆ ನಿಯಮ ಹಚ್ಚಿ.

ಎಲೆಕ್ಟ್ರಾನ್ ಬಡಿದು ತೆಗೆದ ಮಾಸ್ ಆದರೆ ಆಲ್ಕೋಹಾಲ್‌ಗಳ ಮೂಲ ಪೀಕ್ ಎಷ್ಟೋ ಸಲ ಕಾಣುವುದೇ ಇಲ್ಲ, 18 ಕಡಿಮೆ ಇರುವ ಪೀಕೇ ಕೊನೆಯದು. ಮೂಲ ಪೀಕ್‌ಗಿಂತ ತೂಕದಲ್ಲಿ ಎರಡು ಹೆಚ್ಚು ಇರುವ ಪೀಕ್ ಅದರ ಎತ್ತರದ ಮೂರರಲ್ಲಿ ಒಂದು ಪಾಲಿದ್ದರೆ ಕ್ಲೋರಿನ್ ಒಂದು, ಸರಿಸಮ ಇದ್ದರೆ ಬ್ರೋಮಿನ್ ಒಂದು. 149 ಎದ್ದು ಕಂಡರೆ ಪ್ಲಾಸ್ಟಿಕ್‌ನಿಂದ ಬಂದ ಥ್ಯಾಲೇಟ್ ಅಂತ ಅನುಮಾನಿಸಿ. ಸ್ಯಾಂಪಲ್ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿದ್ದಿರಾ?

ಹ್ಯಾಲೋಜನ್ ಇದೆಯಾ ಅಂತ ಖಾತ್ರಿ ಮಾಡಲು ಸೋಡಿಯಂ ಕರಗಿಸುವ ಲಸೇನ್ ಪರೀಕ್ಷೆಗೆ ಕೈಹಾಕುವ ಮುಂಚೆ ನಿಲ್ಲಿ. ಸ್ಯಾಂಪಲ್‌ನಲ್ಲಿ ಕ್ಲೋರೋಫಾರ್ಮ್ ಉಳಿದಿದ್ದರೆ ಅಥವಾ ಅದು ನೈಟ್ರೋ ಸಂಯುಕ್ತವಾದರೆ ಕಾದ ಸೋಡಿಯಂ ಸಿಡಿಯಬಹುದು. ಎನ್‌ಎಂಆರ್ ಟ್ಯೂಬಿನಿಂದ ವಾಪಸ್ ಸುರಿದ ಸ್ಯಾಂಪಲ್ ಅನ್ನು ಈ ಪರೀಕ್ಷೆಗೆ ಎಂದೂ ಬಳಸಬೇಡಿ. ಒಬ್ಬರೇ ಇದ್ದಾಗಲಂತೂ ಬೇಡವೇ ಬೇಡ.

ಎಲ್ಲಿ ನಿಲ್ಲಿಸಬೇಕು

ಎರಡು ರಚನೆ ಉಳಿದು, ಎರಡೂ ನಾಲ್ಕೂ ಹಾಳೆಗೆ ಒಪ್ಪುತ್ತಿದ್ದರೆ ಅದೇ ಹಾಳೆಗಳನ್ನು ಹತ್ತನೇ ಸಲ ನೋಡಿ ಉಪಯೋಗವಿಲ್ಲ. ಟು-ಡಿ (ಎರಡು ಅಕ್ಷದ) ಎನ್‌ಎಂಆರ್ ಬೇಕು. ಅದರಲ್ಲಿ ಕೋಸಿ ಅನ್ನುವ ಬಗೆ ಯಾವ ಪ್ರೋಟಾನ್ ಯಾವುದರ ನೆರೆ ಅಂತ ಹೇಳುತ್ತದೆ. ಎಚ್‌ಎಂಬಿಸಿ ಎರಡು ಮೂರು ಬಾಂಡ್ ಆಚೆಯ ಕಾರ್ಬನ್ ತೋರಿಸುತ್ತದೆ. ಇದಕ್ಕೆ ಯಂತ್ರದ ಸಮಯ ಜಾಸ್ತಿ, ಖರ್ಚೂ ಜಾಸ್ತಿ. ಅದಕ್ಕೆ ಮೊದಲು ಟಿಎಲ್‌ಸಿಯಲ್ಲಿ ಒಂದೇ ಚುಕ್ಕೆ ಇದೆ ಅಂತ ಖಾತ್ರಿ ಮಾಡಿಕೊಂಡು ಕಳಿಸಿ. ಯಂತ್ರದ ಕೋಣೆಗೆ ನೀವೇ ಹೋಗುವುದಾದರೆ ಮೊಬೈಲ್, ಎಟಿಎಂ ಕಾರ್ಡ್, ಕಬ್ಬಿಣದ ಸಾಮಾನು ಹೊರಗಿಡಿ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಒಳಗೆ ಹೋಗಲೇಬಾರದು.

ಸ್ಯಾಂಪಲ್ ಕೈಗೆ ಚೆಲ್ಲಿ ಉರಿ ಶುರುವಾದರೆ, ಬಾಟಲಿ ತೆರೆದಾಗ ಹೊಗೆ ಎದ್ದರೆ, ತಲೆ ಸುತ್ತಿದರೆ ಸ್ಪೆಕ್ಟ್ರಮ್ ಅಲ್ಲಿಗೇ ಬಿಡಿ. ಕೈಗೆ ಚೆಲ್ಲಿದ್ದನ್ನು ನಲ್ಲಿ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ, ಉಳಿದದ್ದಕ್ಕೆ ಗಾಳಿಗೆ ಬನ್ನಿ, ದೊಡ್ಡವರನ್ನು ಕರೆಯಿರಿ.

ಸಹಾಯ ಕೇಳಲು ಬರುವಾಗ ನಾಲ್ಕು ಹಾಳೆಯ ಜೊತೆ ಬರೀ ಕೆಬಿಆರ್‌ನ ಐಆರ್, ಟಿಎಲ್‌ಸಿ ಪ್ಲೇಟಿನ ಫೋಟೋ, ಸ್ಯಾಂಪಲ್ ಯಾವ ಸಾಲ್ವೆಂಟ್ ಮುಟ್ಟಿ ಬಂತು ಅನ್ನುವ ಪಟ್ಟಿ ತನ್ನಿ. ನಿಮ್ಮ ಉತ್ತರಕ್ಕೆ ಹೊಂದದ ಪೀಕ್‌ಗಳಿಗೆ ಕೆಂಪು ಗೆರೆ ಎಳೆದಿರಲಿ. ಹೊಂದಿದವು ಯಾವುವು ಅಂತ ಎಲ್ಲರೂ ತೋರಿಸುತ್ತಾರೆ, ನಾನು ಕೇಳುವುದು ಕೆಂಪಿನದನ್ನೇ. ಮತ್ತೆ, ಬಾಟಲಿಯನ್ನೂ ತನ್ನಿ. ಮುಚ್ಚಳ ಗಟ್ಟಿಯಾಗಿ ಹಾಕಿ.